ಯಾರ ಇಚ್ಛೆಯ ಉಡುಗೆ: ಆಡಕಿ ಸೀಮೆಯ ಛಾಯಾಗ್ರಹಣದಲ್ಲಿ ವೃತ್ತಿ ಮತ್ತು ಹವ್ಯಾಸ

ಛಾಯಾಗ್ರಾಹಕರನ್ನು ಹವ್ಯಾಸಿ, ವೃತ್ತಿಪರ ಎಂದು ಎರಡು ಪಂಗಡ ಮಾಡುವ ರೂಢಿ ಹೆಚ್ಚುಕಡಿಮೆ ಕ್ಯಾಮೆರಾದಷ್ಟೇ ಹಳೆಯದು. ದುಡ್ಡಿಗಾಗಿ ಚಿತ್ರ ತೆಗೆಯುವವನು ವೃತ್ತಿಪರ, ಖುಷಿಗಾಗಿ ತೆಗೆಯುವವನು ಹವ್ಯಾಸಿ ಎಂಬುದು ಇದರ ಸರಳ ವ್ಯಾಖ್ಯೆ. ಇದರ ಬೆನ್ನಿಗೇ, ಮೊದಲನೆಯವನಿಗೆ ಕಸುಬು ಗೊತ್ತು, ಕಲೆ ತಿಳಿಯದು, ಎರಡನೆಯವನಿಗೆ ಕಲೆಯ ಹಂಬಲವಿದೆ, ಕೈ ಪಳಗಿಲ್ಲ ಎಂಬ ಪರಸ್ಪರ ದೂರುಗಳೂ ಒಂದೂವರೆ ಶತಮಾನದಿಂದ ಕೇಳಿಬರುತ್ತಿವೆ. ಕಲಬುರಗಿ ಜಿಲ್ಲೆಯ ಆಡಕಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳನ್ನು ಒಳಗೊಂಡ ಸೀಮೆಯಲ್ಲಿ ಮನುಷ್ಯರ ಉಡುಗೆ-ತೊಡುಗೆಗಳು ಕ್ಯಾಮೆರಾದ ಮುಂದೆ ನಿಂತ ಬಗೆಯನ್ನು ಕಾಲಕ್ರಮದಲ್ಲಿ ನೋಡಿದರೆ, ಈ ವ್ಯಾಖ್ಯೆಯಾಗಲಿ ಈ ದೂರುಗಳಾಗಲಿ ಹೆಚ್ಚು ದೂರ ನಡೆಯುವುದಿಲ್ಲ. ಚಿತ್ರದಲ್ಲಿ ಕಾಣುವ ಬಟ್ಟೆ, ನಿಲುವು, ಆಭರಣ ಯಾರ ಇಚ್ಛೆಯಂತೆ ನಿಗದಿಯಾದವು, ನಿಂತವರ ಇಚ್ಛೆಯಂತೆಯೋ ತೆಗೆದವರ ಇಚ್ಛೆಯಂತೆಯೋ ಎಂಬ ಪ್ರಶ್ನೆಯೇ ಈ ಎರಡು ಪಂಗಡಗಳ ನಡುವಣ ನಿಜವಾದ ಗೆರೆಯನ್ನು ತೋರಿಸುತ್ತದೆ.

ಫ್ಯಾಷನ್ ಛಾಯಾಗ್ರಹಣ ಎಂಬ ಮಾತಿಗೆ ಒಂದು ಕಿರಿದಾದ ಅರ್ಥವಿದೆ: ಹೊಲಿದು ಮಾರುವ ಉಡುಪಿನ ಕಡೆಗೆ ಕೊಳ್ಳುವವರ ಕಣ್ಣು ಸೆಳೆಯಲೆಂದು ರೂಪದರ್ಶಿಗೆ ಅದನ್ನು ತೊಡಿಸಿ ತೆಗೆಯುವ ಚಿತ್ರ. 1911ರಲ್ಲಿ ಎಡ್ವರ್ಡ್ ಸ್ಟೈಕನ್ ಪ್ಯಾರಿಸಿನ ಪೊಲ್ ಪ್ವಾರೆಯ ಉಡುಪುಗಳನ್ನು ಒಂದು ಫ್ರೆಂಚ್ ಪತ್ರಿಕೆಗಾಗಿ ತೆಗೆದ ಚಿತ್ರಗಳಿಂದ ಈ ಬಗೆಯ ಆಧುನಿಕ ಚರಿತ್ರೆಯನ್ನು ಲೆಕ್ಕ ಹಿಡಿಯುವುದುಂಟು. ಸ್ಟೈಕನ್ ಹೆಸರು ಮಾಡಿದ್ದು ಛಾಯಾಚಿತ್ರವನ್ನು ವರ್ಣಚಿತ್ರದಂತೆ ಮೃದುವಾಗಿಸಿ ಕಲೆಯೆನಿಸಬೇಕೆಂದು ಹೋರಾಡುತ್ತಿದ್ದ ಗುಂಪಿನಲ್ಲಿ. ಅದೇ ಸುಮಾರಿಗೆ ಪ್ಯಾರಿಸಿನ ಉದ್ಯಾನದಲ್ಲಿ ನಡೆದು ಹೋಗುವ ಸೊಗಸುಗಾತಿಯರನ್ನು ಸೆರೆಹಿಡಿಯುತ್ತಿದ್ದ ಝಾಕ್ ಆನ್ರಿ ಲಾರ್ತಿಗ್ ಇನ್ನೂ ಹದಿಹರೆಯದ ಶ್ರೀಮಂತ ಹುಡುಗ, ಆತನ ಚಿತ್ರಗಳಿಗೆ ಮನ್ನಣೆ ದೊರೆತದ್ದು 1963ರಲ್ಲಿ. ಅಂದರೆ ಫ್ಯಾಷನ್ ಚಿತ್ರದ ತವರಿನಲ್ಲಿಯೂ ವೃತ್ತಿ-ಹವ್ಯಾಸಗಳ ಬೇಲಿ ಭದ್ರವಾಗಿರಲಿಲ್ಲ. ಈ ಸೀಮೆಯ ಕಾಗಿಣಾ ನದಿಯ ದಂಡೆಯ ಊರುಗಳು ಸುಣ್ಣದ ಕಲ್ಲು, ಫರಸಿ, ಸಿಮೆಂಟು ಮತ್ತು ತೊಗರಿಗೆ ಹೆಸರಾದವೇ ಹೊರತು ಇಂಥ ಉಡುಪಿನ ವ್ಯಾಪಾರಕ್ಕಲ್ಲ. ಆದರೆ ಧರಿಸಿದ್ದನ್ನು ನಾಲ್ಕು ಜನರ ಕಣ್ಣಿಗೆ ಬೀಳಿಸಲೆಂದೇ ತೆಗೆಯುವ, ತೆಗೆಸಿಕೊಳ್ಳುವ ಚಿತ್ರ ಎಂಬ ವಿಶಾಲ ಅರ್ಥದಲ್ಲಿ ಇಲ್ಲಿಯೂ ಹೇಳಬೇಕಾದ ಕಥೆ ಸಾಕಷ್ಟಿದೆ.

ಕನ್ನಡ ನಾಡಿಗೆ ಕ್ಯಾಮೆರಾ ತಂದವರು ಮುಖ್ಯವಾಗಿ ಹವ್ಯಾಸಿಗಳು. ಮುಂಬಯಿ ಫಿರಂಗಿದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ 1855ರಲ್ಲಿ ಕಂಪನಿ ಸರಕಾರದ ನೇಮಕದ ಮೇಲೆ ವಿಜಯಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದು ಮತ್ತೆ ತನ್ನ ದಳಕ್ಕೆ ಮರಳಿದ. ಆತನ ಬದಲಿಗೆ ಬಂದ ವಿಲಿಯಂ ಪಿಗೌ ಶಸ್ತ್ರವೈದ್ಯ, ಅದೇ ಕಾಲದಲ್ಲಿ ಮೈಸೂರು ಸೀಮೆಯ ಗುಡಿಗಳನ್ನು ತೆಗೆದ ಎ. ಸಿ. ಬಿ. ನೀಲ್ ಕೂಡ ಸೇನೆಯ ವೈದ್ಯ. ಈ ಚಿತ್ರಗಳು 1866ರಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಹೊರಬಂದಾಗ ಅವುಗಳಿಗೆ ಚರಿತ್ರೆಯ ಟಿಪ್ಪಣಿ ಬರೆದವನು ಮೆಡೋಸ್ ಟೇಲರ್, 1841ರಿಂದ 1853ರವರೆಗೆ ಭೀಮಾ ನದಿಯ ಆಚೆಗಿನ ಸುರಪುರದ ಆಡಳಿತ ನೋಡಿಕೊಂಡು ಈ ಭಾಗದ ನೆಲವನ್ನು ಬಲ್ಲವನಾಗಿದ್ದ ಅಧಿಕಾರಿ. ಸಂಬಳಕ್ಕೆ ಬೇರೆ ಉದ್ಯೋಗ ಇದ್ದವರೇ ಆಗ ಕ್ಯಾಮೆರಾದ ಖರ್ಚು ತಾಳಬಲ್ಲವರಾಗಿದ್ದರು. ಅವರ ಗಮನವಿದ್ದದ್ದು ಕಲ್ಲಿನ ಮೇಲೆ; ಮನುಷ್ಯ ಕಂಡರೆ ಕಟ್ಟಡದ ಎತ್ತರ ತೋರಿಸುವ ಅಳತೆಗೋಲಾಗಿ ಕಂಡ.

ಉಡುಗೆಯ ಕಡೆಗೆ ಕ್ಯಾಮೆರಾ ತಿರುಗಿದ್ದು ಮುಂಬಯಿಯಲ್ಲಿ. ಅಲ್ಲಿ 1854ರಲ್ಲಿ ಹುಟ್ಟಿದ ಛಾಯಾಗ್ರಹಣ ಸಂಘದಲ್ಲಿ ಆಂಗ್ಲ ಅಧಿಕಾರಿಗಳ ಜೊತೆಗೆ ಭಾವು ದಾಜಿ, ನಾರಾಯಣ ದಾಜಿ ಎಂಬ ವೈದ್ಯ ಸಹೋದರರೂ ಇದ್ದರು. ಸಂಘದ ಸದಸ್ಯನಾದ ವಿಲಿಯಂ ಜಾನ್ಸನ್, ವಿಲಿಯಂ ಹೆಂಡರ್ಸನ್ ಎಂಬವನೊಡನೆ ಸೇರಿ 1856ರಿಂದ 1858ರವರೆಗೆ ತಿಂಗಳಿಗೊಂದರಂತೆ, ಸಂಚಿಕೆಗೆ ಮೂರು ಚಿತ್ರ ಅಂಟಿಸಿ, ಇಪ್ಪತ್ತನಾಲ್ಕು ಸಂಚಿಕೆಗಳ ಒಂದು ಮಾಲೆ ಹೊರತಂದ. ಅದರ ಹೆಸರು ಭಾರತೀಯ ಹವ್ಯಾಸಿಗಳ ಆಲ್ಬಂ ಎಂದು. ಹೊರತಂದವರು ಮಾತ್ರ ಸ್ಟುಡಿಯೋ ಇಟ್ಟುಕೊಂಡ ವ್ಯಾಪಾರಿಗಳು. ಪಶ್ಚಿಮ ಭಾರತದ ವೇಷಭೂಷಣಗಳು ಎಂಬ ಸರಣಿಯೇ ಅದರ ಮುಖ್ಯ ಆಕರ್ಷಣೆ. ಜಾನ್ಸನ್ ಮುಂದೆ 1863 ಮತ್ತು 1866ರಲ್ಲಿ ಮುಂಬಯಿಯ ಜನಾಂಗಗಳನ್ನು ಕುರಿತು ಪ್ರಕಟಿಸಿದ ಎರಡು ಸಂಪುಟಗಳಲ್ಲಿ ಜನರನ್ನು ಸ್ಟುಡಿಯೋದೊಳಗೆ ನಿಲ್ಲಿಸಿ ತೆಗೆದು, ಆಕೃತಿಗಳನ್ನು ಕತ್ತರಿಸಿ, ಗುಡಿ, ಕೆರೆ, ಬೀದಿಗಳ ಬೇರೆ ಚಿತ್ರಗಳ ಮೇಲೆ ಕೂಡಿಸಿದ. ಇಂದು ಮೊಬೈಲಿನಲ್ಲಿ ಹಿನ್ನೆಲೆ ಬದಲಿಸಿ ಹಂಚುವವರು ಹೊಸದೇನನ್ನೂ ಕಂಡುಹಿಡಿದಿಲ್ಲ. ಅದೇ 1866ರಲ್ಲಿ ಫೋರ್ಬ್ಸ್ ವಾಟ್ಸನ್ ಭಾರತೀಯ ಬಟ್ಟೆ ಮತ್ತು ಉಡುಗೆಗಳನ್ನು ಕುರಿತು ಬರೆದ ಗ್ರಂಥ ಹೊರಬಂತು. ಅದರ ಜೊತೆಗೆ ಏಳುನೂರು ಬಟ್ಟೆ ಮಾದರಿಗಳನ್ನು ಹದಿನೆಂಟು ಸಂಪುಟಗಳಲ್ಲಿ ಕಟ್ಟಿಸಿದ್ದರ ಉದ್ದೇಶ, ಇಲ್ಲಿಯ ಜನ ಏನು ಉಡುತ್ತಾರೆಂದು ಬ್ರಿಟನ್ನಿನ ಗಿರಣಿ ಮಾಲೀಕರಿಗೆ ತಿಳಿಸಿ ಅಂಥದನ್ನೇ ನೇಯಿಸಿ ಇಲ್ಲಿ ಮಾರುವುದು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ದ ಚಿತ್ರಗಳನ್ನು ಒದಗಿಸಿದವರಲ್ಲಿ ಹೆಚ್ಚಿನವರು ಹವ್ಯಾಸಿ ಅಧಿಕಾರಿಗಳು, ವಿವರಣೆ ಬರೆದವರಲ್ಲಿ ಟೇಲರನೂ ಒಬ್ಬ. ಈ ಪುಸ್ತಕಗಳಲ್ಲಿ ಚಿತ್ರಿತರಾದವರಿಗೆ ತಮ್ಮದೆಂಬ ಹೆಸರು ಬಹುಮಟ್ಟಿಗೆ ಇಲ್ಲ, ಕುಲದ ಹೆಸರಿದೆ. ಹವ್ಯಾಸಿ ತೆಗೆದದ್ದೇ ಇರಲಿ ವ್ಯಾಪಾರಿ ತೆಗೆದದ್ದೇ ಇರಲಿ, ಉಡುಗೆ ಅಲ್ಲಿ ಉಟ್ಟವರ ಮಾತಾಗಿರದೆ ಅವರ ಮೇಲೆ ಹಚ್ಚಿದ ಚೀಟಿಯಾಗಿತ್ತು.

ಆ ಕಾಲದ ತಂತ್ರವೂ ಉಡುಗೆಯನ್ನು ತನಗೆ ಬೇಕಾದಂತೆ ಬದಲಿಸುತ್ತಿತ್ತು. 1851ರಲ್ಲಿ ಬಳಕೆಗೆ ಬಂದ ಕೊಲೋಡಿಯನ್ ಪದ್ಧತಿಯಲ್ಲಿ ಗಾಜಿನ ಫಲಕಕ್ಕೆ ಅಂಟುದ್ರವ ಸವರಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಒದ್ದೆ ಆರುವುದರೊಳಗೆ ಚಿತ್ರ ತೆಗೆದು ತೊಳೆಯಬೇಕಿತ್ತು. ಆ ಲೇಪ ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿತ್ತೇ ಹೊರತು ಕೆಂಪಿಗೆ ಹೆಚ್ಚುಕಡಿಮೆ ಕುರುಡಾಗಿತ್ತು. ಹೀಗಾಗಿ ನೀಲಿ ರುಮಾಲು ಚಿತ್ರದಲ್ಲಿ ಬಿಳಿಚಿಕೊಳ್ಳುತ್ತಿತ್ತು, ಇಳಕಲ್ ಸೀರೆಯ ಕೆಂಪು ಸೆರಗು ಮತ್ತು ಹಣೆಯ ಕುಂಕುಮ ಕಪ್ಪಾಗುತ್ತಿದ್ದವು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಿಲ್ಮು ಸಾಮಾನ್ಯ ಬಳಕೆಗೆ ಬಂದದ್ದು ಇಪ್ಪತ್ತನೆಯ ಶತಮಾನ ಸಾಕಷ್ಟು ಸರಿದ ಮೇಲೆ. ಹಳೆಯ ಚಿತ್ರಗಳನ್ನು ನೋಡಿ ಅಂದಿನವರು ಮಂಕು ಬಣ್ಣಗಳನ್ನು ಉಡುತ್ತಿದ್ದರೆಂದು ತೀರ್ಮಾನಿಸುವವರು ಇದನ್ನು ನೆನಪಿಡುವುದು ಒಳ್ಳೆಯದು.

ಸೇಡಂ, ಚಿತ್ತಾಪುರ, ಚಿಂಚೋಳಿಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಮುಂಬಯಿಯಿಂದ ರಾಯಚೂರಿನ ಕಡೆಗೆ ಹೋದ ರೈಲುಮಾರ್ಗ 1871ರ ಹೊತ್ತಿಗೆ ಈ ಸೀಮೆಯನ್ನು ದಾಟಿತು; 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಚಿತ್ತಾಪುರ, ಸೇಡಂಗಳ ಮೇಲೆ ಇನ್ನೊಂದು ಮಾರ್ಗ ಬಿದ್ದು, ವಾಡಿ ಜಂಕ್ಷನ್ ಎಂಬುದು ಮುಂಬಯಿಯ ಸರಕು ಮತ್ತು ಹೈದರಾಬಾದಿನ ಠೀವಿ ಎರಡೂ ಇಳಿಯುವ ಜಾಗವಾಯಿತು. ಆ ಠೀವಿಯನ್ನು ಚಿತ್ರಕ್ಕಿಳಿಸಿದವನು ಲಾಲಾ ದೀನ್ ದಯಾಳ್. ರೂರ್ಕಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಇಂದೂರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆಗಾರನಾಗಿದ್ದ ಈತ 1874ರ ಸುಮಾರಿಗೆ ಹವ್ಯಾಸಕ್ಕೆಂದು ಕ್ಯಾಮೆರಾ ಹಿಡಿದ. 1880ರ ದಶಕದ ನಡುವಿನಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕನಾಗಿ, ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದು, ಮುಂದೆ ರಾಜಾ ಬಹಾದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದು ಪಡೆದು 1905ರಲ್ಲಿ ತೀರಿಕೊಂಡ. ಒಬ್ಬನೇ ಮನುಷ್ಯ ಹವ್ಯಾಸಿಯಾಗಿ ಆರಂಭಿಸಿ ದಕ್ಷಿಣದ ಅತಿ ದೊಡ್ಡ ವೃತ್ತಿಪರರಲ್ಲೊಬ್ಬನಾದ ಈ ಉದಾಹರಣೆಯಲ್ಲಿ ಬದಲಾದದ್ದು ಕೈಚಳಕವಲ್ಲ, ಚಿತ್ರದಲ್ಲಿರುವವರೊಡನೆ ಇದ್ದ ಸಂಬಂಧ.

ದೀನ್ ದಯಾಳನ ಸ್ಟುಡಿಯೋಕ್ಕೆ ಬಂದ ಅಮೀರರು ತಾವಾಗಿ ಬಂದವರು, ಬೆಲೆ ಕೊಟ್ಟವರು. ಶೇರ್ವಾನಿಯ ಗುಂಡಿ ಎಲ್ಲಿಯವರೆಗೆ ಮುಚ್ಚಿರಬೇಕು, ತಲೆಯ ಮೇಲೆ ದಸ್ತಾರ್ ಎಂಬ ಆಸ್ಥಾನದ ಪೇಟವೋ ರೂಮಿ ಟೋಪಿಯೋ, ನಡುವಿಗೆ ಬಗ್ಲೂಸ್ ಎಂಬ ದರ್ಬಾರಿನ ಪಟ್ಟಿ ಬೇಕೋ ಬೇಡವೋ ಎಂಬುದನ್ನು ಅವರ ಅಂತಸ್ತು ಮತ್ತು ಸಂದರ್ಭ ತೀರ್ಮಾನಿಸುತ್ತಿದ್ದವು, ಛಾಯಾಗ್ರಾಹಕನ ಅಭಿರುಚಿಯಲ್ಲ. 1892ರಲ್ಲಿ ಆತ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗಾಗಿ ಜನಾನಾ ಸ್ಟುಡಿಯೋ ತೆರೆದು, ಸುತ್ತ ಎತ್ತರದ ಗೋಡೆ ಕಟ್ಟಿಸಿ, ಕೆಲಸಕ್ಕೆ ಒಬ್ಬ ಆಂಗ್ಲ ಮಹಿಳೆಯನ್ನು ನೇಮಿಸಿದ. ಗಿರಾಕಿಯ ಮರ್ಯಾದೆಗೆ ತಕ್ಕಂತೆ ಕಟ್ಟಡವನ್ನೇ ಕಟ್ಟುವಷ್ಟು ಬಾಗುವುದು ವೃತ್ತಿಯ ಲಕ್ಷಣ; ಯಾವ ಹವ್ಯಾಸಿಯೂ ತನ್ನ ಚಿತ್ರಕ್ಕಾಗಿ ಅಂಥ ಗೋಡೆ ಕಟ್ಟಿದ್ದಿಲ್ಲ, ಕಟ್ಟಬೇಕಾದ ಒತ್ತಾಯವೂ ಅವನಿಗಿರಲಿಲ್ಲ.

ರಾಜಧಾನಿಯ ಈ ಮಾದರಿ ಸಣ್ಣ ಊರುಗಳಿಗೆ ಇಳಿದದ್ದು ನಿಧಾನವಾಗಿ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ಸಂಸ್ಥಾನ ಭಾರತ ಒಕ್ಕೂಟಕ್ಕೆ ಸೇರಿ, 1956ರ ನವೆಂಬರಿನಲ್ಲಿ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯದ ಭಾಗವಾಯಿತು. ಶಹಾಬಾದಿನಲ್ಲಿ ಸಿಮೆಂಟು ಕಾರ್ಖಾನೆ ಅದಕ್ಕೂ ಮೊದಲೇ ಇತ್ತು, 1960ರ ದಶಕದ ಕೊನೆಗೆ ವಾಡಿಯಲ್ಲಿಯೂ ಕಾರ್ಖಾನೆ ನಿಂತಿತು, 1980ರ ದಶಕದಲ್ಲಿ ಮಳಖೇಡ, ಸೇಡಂಗಳ ಬಳಿ ಇನ್ನೆರಡು ಬಂದವು. ತಿಂಗಳ ಸಂಬಳ ಬರುವ ಕಡೆ ಫೋಟೋ ಸ್ಟುಡಿಯೋ ಬದುಕುತ್ತದೆ; ಒಕ್ಕಲುತನದ ಊರಿನಲ್ಲಿ ಅದಕ್ಕೆ ಸುಗ್ಗಿ, ಲಗ್ನ ಮತ್ತು ಜಾತ್ರೆಗಳೇ ಆಧಾರ. ಹೀಗೆ ಬಸ್ ನಿಲ್ದಾಣ, ರೈಲು ನಿಲ್ದಾಣ, ಕಚೇರಿಗಳ ಆಸುಪಾಸಿನಲ್ಲಿ ಒಂದು ಕೋಣೆ, ಅದರ ಹಿಂದೆ ಡಾರ್ಕ್‌ರೂಮ್ ಎಂಬ ಇನ್ನೊಂದು ಕತ್ತಲೆ ಕೋಣೆ ಇರುವ ಸ್ಟುಡಿಯೋಗಳು ಹುಟ್ಟಿದವು. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಂಥ ಕೂಟಗಳಲ್ಲಿ ಅವೇ ಡೇರೆ ರೂಪದಲ್ಲಿ ನಿಲ್ಲುತ್ತಿದ್ದವು.

ಈ ಸ್ಟುಡಿಯೋದೊಳಗಿನ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಉತ್ತರ ಕರ್ನಾಟಕದ ಸಣ್ಣ ಊರುಗಳಲ್ಲಿ ಫ್ಯಾಷನ್ ಎಂಬುದು ಜನರ ಕೈಗೆಟುಕಿದ ಮೊದಲ ಜಾಗ ಅದು. ಹಿಂದೆ ಅರಮನೆಯ ಮೆಟ್ಟಿಲೋ ತೋಟವೋ ತಾಜ್‌ಮಹಲೋ ಬರೆದ ಪರದೆ, ಮುಂದೆ ಒಂದು ಎತ್ತರದ ಸ್ಟೂಲು, ಪ್ಲಾಸ್ಟಿಕ್ ಹೂವಿನ ಕುಂಡ, ತಂತಿಯಿಲ್ಲದ ಟೆಲಿಫೋನು, ಕೆಲವೆಡೆ ರೇಡಿಯೋ. ಗೋಡೆಯ ಮೊಳೆಗೆ ಒಂದು ಕೋಟು ಮತ್ತು ಗಂಟು ಹಾಕಿಯೇ ಇಟ್ಟ ಟೈ, ಕನ್ನಡಿಯ ಮುಂದೆ ಬಾಚಣಿಕೆ ಮತ್ತು ಪೌಡರ್ ಡಬ್ಬಿ. ಧೋತರ ಉಟ್ಟು ಬಂದ ಯುವಕ ಧೋತರದ ಮೇಲೆಯೇ ಕೋಟು ತೊಟ್ಟು ಸೊಂಟದವರೆಗಿನ ಚಿತ್ರ ತೆಗೆಸಿಕೊಂಡು ಹೋಗಬಹುದಿತ್ತು. ಹೊಸ ಮದುಮಗಳು ಖಣದ ಕುಪ್ಪಸದ ತೋಳು, ಗಂಡ ಕೈಗಡಿಯಾರ ಕಾಣುವಂತೆ ಕೈ ಇಡುತ್ತಿದ್ದರು. ಕಿಸೆಯ ಪೆನ್ನು ಓದಿದವನ ಗುರುತಾಗಿತ್ತು. 1970ರ ದಶಕದಲ್ಲಿ ಬೆಲ್‌ಬಾಟಮ್ ಮತ್ತು ಕಿವಿ ಮುಚ್ಚುವ ಕೂದಲು ಸಿನಿಮಾ ಪರದೆಯಿಂದ ನೇರವಾಗಿ ಈ ಪರದೆಯ ಮುಂದೆ ಬಂದು ನಿಂತವು. ಛಾಯಾಗ್ರಾಹಕ ಗದ್ದ ಎತ್ತು, ಭುಜ ತಿರುಗಿಸು ಎಂದು ಹೇಳುತ್ತಿದ್ದದ್ದು ನಿಜ, ಆದರೆ ಯಾವ ಉಡುಗೆಯಲ್ಲಿ ತಾನು ನೆನಪಿನಲ್ಲಿ ಉಳಿಯಬೇಕೆಂಬ ನಿರ್ಧಾರ ಗಿರಾಕಿಯದು. ಬಳಿಕ ನೆಗೆಟಿವಿನ ಮೇಲೆ ಸೀಸದ ಕಡ್ಡಿಯಿಂದ ಕಲೆ, ನೆರಿಗೆ ಅಳಿಸುವ ಟಚಿಂಗ್ ಕೆಲಸ, ಬೇಕೆಂದವರಿಗೆ ಕಪ್ಪು-ಬಿಳುಪು ಪ್ರತಿಯ ಮೇಲೆ ಕೈಯಿಂದ ಬಣ್ಣ ಹಚ್ಚಿ ಸೀರೆಯ ಅಂಚು, ಕುಂಕುಮ, ಮೂಗುತಿಗಳಿಗೆ ಜೀವ ಕೊಡುವ ಕೆಲಸ.

ಕಲಾವಿಮರ್ಶಕರು ಇಂಥ ಚಿತ್ರಗಳನ್ನು ಬಹುಕಾಲ ಸಿದ್ಧ ಅಚ್ಚಿನವೆಂದು ತಳ್ಳಿಹಾಕಿದರು. ಅಚ್ಚು ಸಿದ್ಧವಾಗಿದ್ದದ್ದು ಹೌದು; ಆದರೆ ಫರಸಿ ಕಲ್ಲಿನ ಗಣಿಯಲ್ಲಿ ದಿನವಿಡೀ ಧೂಳು ಮೆತ್ತಿಕೊಳ್ಳುವ ಕೂಲಿಯವನು ಆ ಅಚ್ಚಿನೊಳಗೆ ಕೋಟಿನವನಾಗಿ ಕಾಣಬಹುದಿತ್ತೆಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಜಾನ್ಸನ್ನನ ಪುಸ್ತಕ ಮನುಷ್ಯನನ್ನು ಕುಲದ ಉಡುಗೆಯೊಳಗೆ ಕೂಡಿಹಾಕಿದರೆ, ಸ್ಟುಡಿಯೋದ ಮೊಳೆಗೆ ತೂಗಿದ ಕೋಟು ಅದರಿಂದ ಹತ್ತು ನಿಮಿಷದ ಬಿಡುಗಡೆ ಕೊಡುತ್ತಿತ್ತು.

ಈ ಸಂಬಂಧವನ್ನು ಕಾನೂನೂ ಒಪ್ಪಿಕೊಂಡಿದೆ. 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಎಂದರೆ ಅದನ್ನು ತೆಗೆದ ವ್ಯಕ್ತಿ. ಆದರೆ 17ನೆಯ ಕಲಂ, ಯಾರಾದರೂ ಬೆಲೆ ಕೊಟ್ಟು ತಮ್ಮ ಕೋರಿಕೆಯ ಮೇಲೆ ತೆಗೆಸಿದ ಚಿತ್ರಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು ಎನ್ನುತ್ತದೆ. ಅಂದರೆ ಸೇಡಮ್ಮಿನ ಸ್ಟುಡಿಯೋದಲ್ಲಿ ಹಣ ಕೊಟ್ಟು ತೆಗೆಸಿಕೊಂಡ ಚಿತ್ರದ ಹಕ್ಕು ಗಿರಾಕಿಯದು, ದಾರಿಯಲ್ಲಿ ಹೋಗುವಾಗ ಹವ್ಯಾಸಿಯೊಬ್ಬ ಅದೇ ವ್ಯಕ್ತಿಯನ್ನು ತೆಗೆದರೆ ಹಕ್ಕು ಹವ್ಯಾಸಿಯದು. ವ್ಯವಹಾರದಲ್ಲಿ ನೆಗೆಟಿವ್ ಸ್ಟುಡಿಯೋದ ಪೆಟ್ಟಿಗೆಯಲ್ಲಿಯೇ ಉಳಿಯುತ್ತಿತ್ತು, ಕೃತಿಸ್ವಾಮ್ಯದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಆದರೂ ಹಣ ಕೊಟ್ಟವರ ಇಚ್ಛೆ ಮೇಲು ಎಂಬ ತತ್ತ್ವ ಎರಡೂ ಕಡೆಯವರಿಗೆ ಕಾನೂನು ಓದದೆಯೇ ಗೊತ್ತಿತ್ತು.

ಹವ್ಯಾಸಿಗಳ ಲೋಕ ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ಬೆಳೆಯಿತು. ಡಾ. ಜಿ. ಥಾಮಸ್, ಒ. ಸಿ. ಎಡ್ವರ್ಡ್ಸ್ ಮೊದಲಾದವರು ಅಲ್ಲಿ ಹವ್ಯಾಸಿ ಚಳವಳಿಯನ್ನು ಕಟ್ಟಿದರು. 1953ರಲ್ಲಿ ಸ್ಥಾಪನೆಯಾದ ಭಾರತೀಯ ಛಾಯಾಗ್ರಹಣ ಒಕ್ಕೂಟ, 1950ರಲ್ಲಿ ಯೂರೋಪಿನಲ್ಲಿ ಹುಟ್ಟಿದ್ದ ಫಿಯಾಪ್ ಎಂಬ ಅಂತರರಾಷ್ಟ್ರೀಯ ಒಕ್ಕೂಟದೊಡನೆ ಈ ನಾಡಿನ ಹವ್ಯಾಸಿಗಳನ್ನು ಜೋಡಿಸಿತು. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಬಂತು. ಇವರ ಮುಖ್ಯ ವೇದಿಕೆ ಸಲೋನ್, ಎಂದರೆ ದೂರದೂರದಿಂದ ಬಂದ ಪ್ರತಿಗಳನ್ನು ತೆಗೆದವರ ಹೆಸರು ಮರೆಮಾಡಿ ತೀರ್ಪುಗಾರರು ಆರಿಸಿ ಪ್ರದರ್ಶಿಸುವ ಸ್ಪರ್ಧೆ. ಎಷ್ಟು ಸಲೋನ್‌ಗಳಲ್ಲಿ ಎಷ್ಟು ಚಿತ್ರ ಒಪ್ಪಿಗೆಯಾಯಿತೆಂಬ ಲೆಕ್ಕದ ಮೇಲೆ ಹೆಸರಿನ ಮುಂದೆ ಎ.ಎಫ್.ಐ.ಎ.ಪಿ., ಇ.ಎಫ್.ಐ.ಎ.ಪಿ. ಎಂಬ ಬಿರುದಕ್ಷರಗಳು ಸೇರುತ್ತಿದ್ದವು. ಇಂದು ಹಂಚಿದ ಚಿತ್ರಕ್ಕೆ ಬೀಳುವ ಲೈಕುಗಳನ್ನು ಎಣಿಸುವವರನ್ನು ಹಗುರವಾಗಿ ನೋಡುವ ಹಿರಿಯ ಹವ್ಯಾಸಿಗಳು, ಅಂಚೆಯ ಪೊಟ್ಟಣದಲ್ಲಿ ಜಗತ್ತು ಸುತ್ತಿ ಬಂದ ಸ್ವೀಕೃತಿ ಚೀಟಿಗಳನ್ನು ಪ್ರತಿಯ ಬೆನ್ನಿಗೆ ಅಂಟಿಸಿಕೊಳ್ಳುತ್ತಿದ್ದ ತಮ್ಮ ಕಾಲವನ್ನು ಮರೆತಿರಲಾರರು. ಆದರೆ ಈ ಲೋಕದ ಸಾಧನೆಯನ್ನು ಕಡೆಗಣಿಸುವುದು ಅನ್ಯಾಯ: ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ವನ್ಯಜೀವಿ ಛಾಯಾಗ್ರಾಹಕರನ್ನು ಕೊಟ್ಟದ್ದು ಇದೇ ಪರಂಪರೆ. ದೇವರಾಜ ಅರಸು ಸಂಪುಟದಲ್ಲಿ ಅರ್ಥಮಂತ್ರಿಯಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆ ಕೂಡ ಇದರಲ್ಲಿ ಪಳಗಿದವರು.

ಹುಲಿ, ಹಕ್ಕಿಗಳಿಗೆ ಒಪ್ಪುವ ಈ ವಿಧಾನ ಮನುಷ್ಯರ ಮೇಲೆ ತಿರುಗಿದಾಗ ತೊಡಕು ಕಾಣಿಸಿಕೊಳ್ಳುತ್ತದೆ, ಅದರ ಸ್ಪಷ್ಟ ಉದಾಹರಣೆ ಲಂಬಾಣಿ ಉಡುಗೆ. ಎತ್ತಿನ ಹಿಂಡುಗಳ ಮೇಲೆ ಧಾನ್ಯ, ಉಪ್ಪು ಸಾಗಿಸುತ್ತಿದ್ದ ಲಂಬಾಣಿಗಳ, ಎಂದರೆ ಬಂಜಾರರ, ಕಸುಬನ್ನು ರೈಲು ಕಸಿದುಕೊಂಡ ಮೇಲೆ ಅವರು ತಾಂಡಾ ಎಂಬ ನೆಲೆಗಳಲ್ಲಿ ನಿಂತರು. ಚಿತ್ತಾಪುರ, ಸೇಡಂ, ಚಿಂಚೋಳಿ ತಾಲ್ಲೂಕುಗಳಲ್ಲಿ ಇಂಥ ತಾಂಡಾಗಳು ಬಹಳ. ಹೆಂಗಸರ ಫೇಟಿಯಾ ಎಂಬ ನೆರಿಗೆಯ ಲಂಗ, ಬೆನ್ನು ಬಿಟ್ಟು ಕಟ್ಟುವ ಕಾಂಚಳಿ ಎಂಬ ಕುಪ್ಪಸ, ಕನ್ನಡಿ ಚೂರು, ಕವಡೆ, ನಾಣ್ಯಗಳನ್ನು ಹೊಲಿದ ಮೇಲುದ, ತೋಳಿನುದ್ದಕ್ಕೂ ಏರಿದ ಬಿಳಿಯ ಬಳೆಗಳು, ಕೆನ್ನೆಯ ಬದಿಗೆ ತೂಗುವ ಬೆಳ್ಳಿಯ ಘುಗ್ರಿ, ಇವೆಲ್ಲ ಸಲೋನ್ ಕಣ್ಣಿಗೆ ಹಬ್ಬ. ಕಪ್ಪು-ಬಿಳುಪಿನಲ್ಲಿ ಕೆಂಪು ಲಂಗ ಗಾಢವಾಗಿ ಹಿಂದೆ ಸರಿದು ಕನ್ನಡಿ ಮತ್ತು ಬೆಳ್ಳಿ ಮಿನುಗುತ್ತಿದ್ದವು. ಬಣ್ಣದ ಫಿಲ್ಮು ಬಂದ ಮೇಲೆ ಅದೇ ಕೆಂಪು ತೀರ್ಪುಗಾರರ ಕಣ್ಣು ಹಿಡಿಯಿತು. ಮದುವೆಯಾದ ಹೆಣ್ಣಿನ ಗುರುತಾದ ಘುಗ್ರಿಯಂಥ ಆಭರಣಗಳು ತಾಂಡಾದೊಳಗೆ ಒಬ್ಬಳ ಬದುಕಿನ ಸ್ಥಿತಿಯನ್ನು ಹೇಳುವಂಥವು. ಬೆಳಕು-ನೆರಳಿನ ಲೆಕ್ಕದಲ್ಲಿ ಚೌಕಟ್ಟು ಕತ್ತರಿಸುವ ಹವ್ಯಾಸಿಗೆ ಅವು ಬರಿಯ ಹೊಳಪಿನ ಬಿಂದುಗಳು. ಅದೇ ಹೆಣ್ಣು ಪಟ್ಟಣದ ಸ್ಟುಡಿಯೋಕ್ಕೆ ಬಂದು ದುಡ್ಡು ಕೊಟ್ಟು ಕುಳಿತರೆ, ಘುಗ್ರಿ ಚೌಕಟ್ಟಿನ ಹೊರಗೆ ಹೋದ ಚಿತ್ರವನ್ನು ಒಪ್ಪುವ ಪ್ರಶ್ನೆಯೇ ಇಲ್ಲ.

ಸಲೋನಿಗೆ ಕಳಿಸುವ ಚಿತ್ರಕ್ಕೆ ಒಂದು ಶೀರ್ಷಿಕೆ ಬೇಕು, ಚಿತ್ರದಲ್ಲಿರುವವರ ಹೆಸರು ಬೇಕಿಲ್ಲ. ಸೌಂದರ್ಯ, ಸಂಭ್ರಮ, ಮುಗ್ಧತೆ ಎಂಬಂಥ ಭಾವವಾಚಕಗಳ ಕೆಳಗೆ ನಿಂತವಳು ಯಾವ ತಾಂಡಾದವಳು, ಯಾರ ಮಗಳು ಎಂಬುದು ಪ್ರತಿಯ ಬೆನ್ನ ಮೇಲೂ ಇರುವುದಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ದೊರೆತ ಬೌದ್ಧ ಸ್ತೂಪದ ಶಿಲ್ಪಗಳಲ್ಲಿ, ಪರಿವಾರದೊಡನೆ ನಿಂತ ರಾಜನ ಆಕೃತಿಯ ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ರಾಯ ಅಸೋಕ ಎಂದು ಕೊರೆದಿದೆ. ಶಾತವಾಹನ ಅರಸರ ಆಕೃತಿಗಳಿಗೂ ಹೆಸರಿನ ಬರಹಗಳಿವೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಆ ಶಿಲ್ಪಿ ಹೆಸರು ಬರೆದದ್ದು ಅರಸರಿಗೆ ಎಂಬುದನ್ನು ಮರೆಯುವಂತಿಲ್ಲ. ಆದರೂ ಇದೇ ತಾಲ್ಲೂಕಿನ ನೆಲದಲ್ಲಿ ತೆಗೆದ ಹವ್ಯಾಸಿ ಚಿತ್ರಗಳ ಅನಾಮಿಕತೆಯ ಪಕ್ಕದಲ್ಲಿ ಅದನ್ನಿಟ್ಟು ನೋಡುವುದು ಅಪ್ರಸ್ತುತವಲ್ಲ. ಹವ್ಯಾಸಿ, ವೃತ್ತಿಪರ ಎಂಬ ಎರಡು ಪಂಗಡಗಳ ನಡುವೆ ಮೂರನೆಯ ದಾರಿಯೊಂದನ್ನು ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರಂಥ ಪತ್ರಿಕಾ ಛಾಯಾಗ್ರಾಹಕರು ಹಿಡಿದರು: ಗಿರಾಕಿಯ ಅಪ್ಪಣೆಯೂ ಇಲ್ಲ, ಸಲೋನಿನ ಅಲಂಕಾರವೂ ಇಲ್ಲ, ಜನ ಉಟ್ಟ ಬಟ್ಟೆಯಲ್ಲಿಯೇ, ಮಾಡುತ್ತಿದ್ದ ಕೆಲಸದಲ್ಲಿಯೇ ಸಿಕ್ಕ ಚಿತ್ರ, ಅದರ ಕೆಳಗೆ ಸಂಗತಿಯ ವಿವರ.

ಅಗ್ಗದ ಕ್ಯಾಮೆರಾ ಬಂದ ಮೇಲೆ ಹವ್ಯಾಸಿ ಎಂಬ ಮಾತು ಸಂಘದ ಸದಸ್ಯನನ್ನು ಬಿಟ್ಟು ಮನೆಯ ಅಣ್ಣನಿಗೋ ಮಾವನಿಗೋ ಅನ್ವಯಿಸತೊಡಗಿತು. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಮೂರರಲ್ಲಿ ಒಂದು ಸುರುಳಿಗೆ ಹನ್ನೆರಡು ಚಿತ್ರ, ಹೊಂದಿಸಲು ಬಿಸಿಲು ಮತ್ತು ಮೋಡದ ಗುರುತುಗಳಷ್ಟೇ. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಹೆಸರಿನ ಫಿಲ್ಮು 1967ರಿಂದ ಮಾರುಕಟ್ಟೆಗೆ ಬಂತು. 1980ರ ದಶಕದಲ್ಲಿ ಹಾಟ್‌ಶಾಟ್ ಕ್ಯಾಮೆರಾ ಬಂತು. ಹಬ್ಬಕ್ಕೆ ಹೊಸ ಬಟ್ಟೆ ತೊಟ್ಟ ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತ ಓರೆಕೋರೆ ಚಿತ್ರಗಳು ಇಂಥ ಕ್ಯಾಮೆರಾಗಳಲ್ಲಿ ತೆಗೆದವು. ಸಣ್ಣ ಊರಿನ ಸ್ಟುಡಿಯೋಕ್ಕೆ ಇದರಿಂದ ನಷ್ಟವಾಗಲಿಲ್ಲ, ಸುರುಳಿ ತೊಳೆಯಿಸಲು ಅಲ್ಲಿಗೇ ಬರಬೇಕಿತ್ತು.

ಸ್ಟುಡಿಯೋದ ಹೊಟ್ಟೆ ತುಂಬಿಸಿದ್ದು ಮುಂದೆ ಫ್ಯಾಷನ್ ಅಲ್ಲ, ಕಾಗದಪತ್ರ. ಹಾಲ್ ಟಿಕೆಟು, ಬ್ಯಾಂಕ್ ಪಾಸ್‌ಬುಕ್ಕು, ಕಾರ್ಖಾನೆಯ ಗುರುತಿನ ಚೀಟಿ, 1993ರಲ್ಲಿ ಚುನಾವಣಾ ಆಯೋಗ ಜಾರಿಗೆ ತಂದ ಮತದಾರರ ಭಾವಚಿತ್ರದ ಚೀಟಿ, ಎಲ್ಲಕ್ಕೂ ಪಾಸ್‌ಪೋರ್ಟ್ ಅಳತೆಯ ಮುಖ ಬೇಕಾಯಿತು, ಉಡುಗೆ ಕೊರಳಪಟ್ಟಿಯ ಅಂಚಿಗೆ ಕುಗ್ಗಿತು. 2010ರ ನಂತರ ಆಧಾರ್ ಕೇಂದ್ರದ ಸಿಬ್ಬಂದಿಯೇ ಚಿತ್ರ ತೆಗೆಯತೊಡಗಿ ಆ ಕೆಲಸದ ಒಂದು ಪಾಲೂ ಕೈ ತಪ್ಪಿತು. ಉಳಿದದ್ದು ಮದುವೆ.

2010ರ ಅಕ್ಟೋಬರಿನಲ್ಲಿ ಆರಂಭವಾದ ಇನ್‌ಸ್ಟಾಗ್ರಾಮ್, 2016ರ ಸೆಪ್ಟೆಂಬರಿನಲ್ಲಿ ಬಂದ ಜಿಯೋದ ಅಗ್ಗದ ಡೇಟಾ, 2020ರ ಜೂನ್ ಕೊನೆಯಲ್ಲಿ ನಿಷೇಧವಾಗುವವರೆಗೆ ಹಳ್ಳಿಹಳ್ಳಿಗಳಲ್ಲಿ ಹಬ್ಬಿದ್ದ ಟಿಕ್‌ಟಾಕ್, ಇವು ಸೇರಿ ಹವ್ಯಾಸಿ-ವೃತ್ತಿಪರ ಎಂಬ ಜೋಡಿಯ ನಡುವೆ ಹಿಂದೆ ಇಲ್ಲದ ಒಬ್ಬರನ್ನು ತಂದವು. ಚಿತ್ರದಲ್ಲಿ ನಿಂತವರೇ ಈಗ ಚಿತ್ರ ತೆಗೆಯುವವರು. ಬಂಜಾರರ ತೀಜ್ ಹಬ್ಬಕ್ಕೆ ಅಜ್ಜಿಯ ಫೇಟಿಯಾ ತೊಟ್ಟು ತನ್ನ ಫೋನಿನಲ್ಲಿ ತಾನೇ ತೆಗೆದುಕೊಂಡು ಹಂಚುವ ತಾಂಡಾದ ಹುಡುಗಿ, ಕೃತಿಸ್ವಾಮ್ಯದ ಭಾಷೆಯಲ್ಲಿ ಕರ್ತೃವೂ ಹೌದು, ಉಡುಗೆಯ ಒಡತಿಯೂ ಹೌದು. ಅಂಥ ಚಿತ್ರಗಳಲ್ಲಿ ದಿಟ್ಟಿ ಕ್ಯಾಮೆರಾದ ಕಡೆಗೆ ನೇರವಾಗಿರುವುದು, ಆಭರಣಗಳೆಲ್ಲ ಚೌಕಟ್ಟಿನೊಳಗೆ ಇರುವುದು ಸಲೋನ್ ಕಣ್ಣಿಗೆ ಕಸುಬಿಲ್ಲದ್ದಾಗಿ ಕಂಡೀತು. ಅವು ಹಳೆಯ ಸ್ಟುಡಿಯೋ ಚಿತ್ರದ ನೇರ ವಾರಸುದಾರರು. ಹೊಸ ಹಂಚಿಕೆಯಲ್ಲಿ ಹವ್ಯಾಸಿ ಗೆದ್ದ, ವೃತ್ತಿಪರ ಸೋತ ಎನ್ನುವವರು ಇದನ್ನು ಗಮನಿಸುವುದಿಲ್ಲ: ಹವ್ಯಾಸಿಯ ಉಪಕರಣ ಗೆದ್ದಿದೆ, ಗಿರಾಕಿಯ ಅಭಿರುಚಿ ಗೆದ್ದಿದೆ.

ವೃತ್ತಿಪರರ ಕೆಲಸ ಇದಕ್ಕೆ ವಿರುದ್ಧ ದಿಕ್ಕಿಗೆ ಹೊರಳಿದ್ದು ಸೋಜಿಗದ ಸಂಗತಿ. ಮದುವೆಯ ಆಲ್ಬಂ ಜೊತೆಗೆ ಈಗ ಪ್ರೀ-ವೆಡ್ಡಿಂಗ್ ಶೂಟ್ ಎಂಬ, ಲಗ್ನಕ್ಕೆ ಮುಂಚೆ ಜೋಡಿಯನ್ನು ಹೊರಾಂಗಣದಲ್ಲಿ ಬಗೆಬಗೆಯ ಉಡುಪು ತೊಡಿಸಿ ತೆಗೆಯುವ ಪದ್ಧತಿ ಬಂದಿದೆ. ಮಳಖೇಡದ ಕೋಟೆ, ಚಿಂಚೋಳಿಯ ಎತ್ತಿಪೋತ ಜಲಪಾತದಂಥ ಜಾಗಗಳು ಪರದೆಯ ಸ್ಥಾನ ಹಿಡಿಯುತ್ತವೆ. ನೆಲಕ್ಕೆ ಹರಡುವ ಗೌನು ಬಾಡಿಗೆಗೆ ಸಿಗುತ್ತದೆ. ಯಾವಾಗ ನಗಬೇಕು, ಎತ್ತ ನಡೆಯಬೇಕು ಎಂಬುದನ್ನು ಕ್ಯಾಮೆರಾ ಹಿಡಿದವರೇ ಹೇಳುತ್ತಾರೆ. ಗಿರಾಕಿ ಹಣ ಕೊಡುತ್ತಾನೆ, ಆದರೆ ತನ್ನ ಇನ್‌ಸ್ಟಾಗ್ರಾಮ್ ಪುಟದಲ್ಲಿ ಹಾಕಿ ಮುಂದಿನ ಗಿರಾಕಿಗೆ ತೋರಿಸಲು ಒಪ್ಪುವಂಥ ಚಿತ್ರ ಸ್ಟುಡಿಯೋಕ್ಕೂ ಬೇಕು. ಇಲ್ಲಿಯೇ 17ನೆಯ ಕಲಂ ಮತ್ತೆ ಎದುರಾಗುತ್ತದೆ: ಬೆಲೆ ಕೊಟ್ಟು ತೆಗೆಸಿದ ಮದುವೆಯ ಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಮದುವೆಯ ಮನೆಯವರದು, ಅದನ್ನು ಪ್ರಚಾರಕ್ಕೆ ಹಂಚಿಕೊಳ್ಳಲು ಸ್ಟುಡಿಯೋಕ್ಕೆ ಅವರ ಒಪ್ಪಿಗೆ ಬೇಕು. ದೊಡ್ಡ ನಗರಗಳ ಸಂಸ್ಥೆಗಳು ಈ ಒಪ್ಪಿಗೆಯನ್ನು ಕರಾರುಪತ್ರದಲ್ಲಿಯೇ ಸೇರಿಸುತ್ತವೆ. ತಾಲ್ಲೂಕು ಊರಿನ ಸ್ಟುಡಿಯೋದ ಆರ್ಡರ್ ಪುಸ್ತಕದಲ್ಲಿ ಸಾಮಾನ್ಯವಾಗಿ ಇರುವುದು ಲಗ್ನದ ತಾರೀಖು, ಆಲ್ಬಂನ ಹಾಳೆಗಳ ಸಂಖ್ಯೆ ಮತ್ತು ಕೊಟ್ಟ ಮುಂಗಡ ಇಷ್ಟೇ. ಚಿತ್ರವನ್ನು ಎಲ್ಲಿ ಹಾಕಬಹುದು, ಎಲ್ಲಿ ಕೂಡದು ಎಂಬುದು ಬಾಯಿಮಾತಿನಲ್ಲಿ, ಬಹುಪಾಲು ಚಿತ್ರ ಹಾಕಿದ ಮೇಲೆ, ತೀರ್ಮಾನವಾಗುತ್ತದೆ.